ಮೂರು ಏಟು

ಚಿತ್ರದ ಹೊಸ ಜೋಡಿಗೆ ಮೂರು ದಿನದಿಂದ ಉಪವಾಸ. ಹೆಂಡತಿ ನೆರೆಮನೆಯಲ್ಲಿ ಅಕ್ಕಿ ಬೇಡಿ ತಂದಳೆಂದು ಗಂಡ ಅವಳ ಕೆನ್ನೆಗೆ ಮೂರು ಏಟು ಬಾರಿಸುತ್ತಾನೆ. ಇಡೀ ಚಿತ್ರ ಆ ಮೂರು ಏಟಿನ ಮೇಲೆ ನಿಂತಿದೆ ಎಂದು ನಿರ್ದೇಶಕ ಶಾಮಾಚಾರ್ಯರು ನಂಬಿದ್ದರು. ಆದರೆ ಪರದೆಯ ಮೇಲೆ ಬೀಸುವ ಕೈಗೆ ತಕ್ಕ ಸದ್ದೇ ಹುಟ್ಟುತ್ತಿರಲಿಲ್ಲ. ಸದ್ದು ಕೂಡಿಸುವ ಯತಿರಾಜ ಬೆಳಗಿನಿಂದ ಒದ್ದೆ ಗೋಣಿಗೆ, ಕುಂಬಳಕಾಯಿಗೆ, ಚರ್ಮದ ಚೀಲಕ್ಕೆ ಬಡಿದು ಬಡಿದು ಸೋತಿದ್ದ.

“ಇದು ಏಟಲ್ಲ, ಬಟ್ಟೆ ಒಗೆಯೋ ಸದ್ದು!” ಆಚಾರ್ಯರು ಕುರ್ಚಿ ಒದ್ದರು. “ಮದುವೆಯಾಗಿ ಎರಡು ತಿಂಗಳಾಯ್ತಲ್ಲೋ, ಇನ್ನೂ ಹೆಂಡ್ತಿ ಮೇಲೆ ಕೈ ಮಾಡಿಲ್ವೇನೋ? ಮನೆಗೆ ಹೋಗಿ ಕಲಿ. ನಾಳೆ ನಿಜವಾದ ಏಟು ತರದಿದ್ರೆ ಕೆಲಸಕ್ಕೆ ಬರಬೇಡ.”

ಆ ಕೆಲಸ ಹೋದರೆ ಯತಿರಾಜನ ಮನೆಯಲ್ಲೂ ಒಲೆ ಉರಿಯುವಂತಿರಲಿಲ್ಲ. ಟೇಪ್ ರೆಕಾರ್ಡರ್ ಎತ್ತಿಕೊಂಡು ಹೊರಟ.

ಮರುದಿನ ಅವನು ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಬಂದು ಟೇಪು ಹಾಕಿದ. ಮೂರು ಏಟು. ಒಂದೊಂದರ ಬೆನ್ನಿಗೂ ಹಲ್ಲು ಕಚ್ಚಿ ನುಂಗಿದ ನರಳಿಕೆ. ಮೂರನೆಯ ಏಟಿಗೆ ಯಾರೋ ಪಾತ್ರೆಗಳ ಮೇಲೆ ಉರುಳಿಬಿದ್ದ ಸದ್ದು. ಆಚಾರ್ಯರ ಮೈ ಜುಮ್ಮೆಂದಿತು.

“ಭೇಷ್! ಕಡೆಗೂ ಗಂಡಸಾದೆ,” ಎಂದು ಬೆನ್ನು ತಟ್ಟಿದರು. ಮರುಕ್ಷಣ ಅಳುಕಿ ದನಿ ತಗ್ಗಿಸಿದರು. “ಪಾಪ, ಆ ಹುಡುಗಿ ಹೇಗಿದ್ದಾಳಯ್ಯಾ?”

ಬಾಯಿ ಆಡಿಸಲು ಕಷ್ಟಪಡುತ್ತ ಯತಿರಾಜ ಮಫ್ಲರ್ ಬಿಚ್ಚಿದ.

“ಚೆನ್ನಾಗಿದ್ದಾಳೆ ಸಾರ್. ನನಗೆ ಹೊಡೆದು ಹೊಡೆದು ಅವಳ ಬಲಗೈ ಊದಿಕೊಂಡಿದೆ, ಅಷ್ಟೇ.”