ಮೊದಲ ಲೋಡು

“ಅಣ್ಣಾ, ಮೆಕ್ಯಾನಿಕ್ ಹೂಂ ಅಂದ್ಬಿಟ್ಟ! ನಾಳಿಂದ ಟ್ರೇಲರ್ ಜೋಡಿಸಬಹುದಂತ!”

ಟ್ರ್ಯಾಕ್ಟರ್ ಬಂದ್ ಮಾಡೋಕೂ ಮೊದಲ ಗುರುಪಾದ ಕೂಗಿದ. ಕಟ್ಟಿ ಮ್ಯಾಲ ಕುಂತಿದ್ದ ಅಣ್ಣ ಬರೇ ತಲಿ ಆಡಿಸಿದ.

ಹೊಸ ಇಂಜಿನ್ ಹದಕ್ಕ ಬರೋತನಕ ಭಾರ ಎಳಸಬಾರದು ಅಂತ ಅಣ್ಣನೇ ಹೇಳಿದ್ದ. ಅದಕ್ಕ ಗುರುಪಾದ ಒಂದು ಚೀಲಾನೂ ಹೇರದ, ಹೊಲದ ದಾರಿಯಾಗ ಖಾಲಿ ಗಾಡಿ ಮೆಲ್ಲಕ ಓಡಿಸ್ಕೋತ ಬಂದಿದ್ದ. “ಏನಪಾ, ಹೆಣ್ಣು ನೋಡಾಕ ಹೊಂಟೀ ಏನು?” ಅಂತ ಊರ ಮಂದಿ ನಗ್ತಿದ್ರು. ನಗಲಿ ಬಿಡು. ಮೊದಲನೇ ಕಬ್ಬಿನ ಲೋಡು ಹೇರಿ, ಅಣ್ಣನ್ನ ಬಾಜೂಕ ಕುಂದರಿಸ್ಕೊಂಡು ಫ್ಯಾಕ್ಟರಿಗೆ ಹೋಗಬೇಕು ಅನ್ನೋದೊಂದೇ ಅವನ ಆಸೆ.

“ಬಾಜೂಕ ನೀನ ಕುಂದರಬೇಕು ನೋಡು. ವೈನಿಗೆ ಬುತ್ತಿ ಕಟ್ಟಾಕ ಹೇಳ್ಲಾ?”

“ಆಕಿಗೇನೂ ಹೇಳಬ್ಯಾಡ.” ಅಣ್ಣ ಎದ್ದು ಬಂದು ಹೆಗಲ ಮ್ಯಾಲಿನ ಟವೆಲ್ಲಿಲೆ ಬಾನೆಟ್ಟಿನ ಧೂಳ ಒರೆಸಿದ. “ಭಾಳ ಚಂದ ಹದ ಮಾಡೀದಿ, ತಮ್ಮಾ.”

“ಮತ್ತ ಯಾಕ ಹಿಂಗ ಮಾರಿ ಸಣ್ಣ ಮಾಡೀದಿ?”

ಅಣ್ಣ ಒರೆಸೋದು ನಿಲ್ಲಿಸಲಿಲ್ಲ.

“ನಾಳೆ ಮುಂಜಾನೆ ಎಲ್ಲೂ ಹೋಗಬ್ಯಾಡ. ಮನಿ ಪಾಲು ಮಾಡಾಕ ಹಿರಿಯರು ಬರ್ತಾರ. ಟ್ರ್ಯಾಕ್ಟರ್ ನನಗ, ಟ್ರೇಲರ್ ನಿನಗ.”