ಕಪ್ತಾನ ಸತ್ತ ದಿನ

ಆ ಪುಟದಲ್ಲಿ ಕೈಬರಹ ಬದಲಾಗಿತ್ತು. ಭಾನುಪ್ರಿಯ ಲ್ಯಾಪ್‌ಟಾಪಿನಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿ ಮತ್ತೊಮ್ಮೆ ಓದಿದಳು. ಇನ್ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಿಂದ ಚೀನಾಕ್ಕೆ ಹೊರಟಿದ್ದ ವ್ಯಾಪಾರದ ಹಡಗೊಂದರ ದಿನಚರಿ ಅದು. ಆಯಾ ದಿನ ಗಾಳಿ ಯಾವ ಕಡೆಯದು, ಮಳೆ ಬಂತೇ ಎಂಬುದನ್ನು ಅದರಿಂದ ಹೆಕ್ಕಿ, ಟೈಪ್ ಮಾಡಿ, ವಿದೇಶದ ಹವಾಮಾನ ಸಂಶೋಧಕರಿಗೆ ಕಳಿಸುವುದು ಹೊಂಗನೂರಿನ ಮನೆಯಲ್ಲೇ ಕೂತು ಅವಳು ಮಾಡುತ್ತಿದ್ದ ಕೆಲಸ.

“ಇವತ್ತು ಎಲ್ಲಿಗ್ ಬಂತವ್ವ ನಿನ್ ಹಡಗು?” ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕಾವೇರಮ್ಮ ಕೇಳಿದರು. ದಿನವೂ ಕೇಳುತ್ತಿದ್ದರು. ಗಂಡ ಬೈರಪ್ಪ ತೀರಿಕೊಂಡ ಮೇಲೆ ಅವರು ರೇಷ್ಮೆ ಹುಳು ಸಾಕುವುದನ್ನೇ ಬಿಟ್ಟಿದ್ದರು. ಕಾರಣ ಕೇಳಿದರೆ ಮಂಡಿನೋವು ಎನ್ನುತ್ತಿದ್ದರು. ಹಡಗಿನ ಸುದ್ದಿ ಮಾತ್ರ ಅವರಿಗೆ ಹಿಡಿಸಿತ್ತು: ಕುಡಿಯುವ ನೀರು ಕೊಳೆತದ್ದು, ಕುರಿ ಸಮುದ್ರಕ್ಕೆ ಬಿದ್ದದ್ದು, ಕುಡಿದು ಬಂದ ನಾವಿಕನಿಗೆ ಕಪ್ತಾನ ಛಡಿ ಏಟು ಕೊಡಿಸಿದ್ದು.

“ಕಪ್ತಾನ ಹೋಗ್ಬುಟ್ಟ ಅತ್ತೆ. ಜ್ವರ ಬಂದಿತ್ತಲ್ಲ.”

ಕಾವೇರಮ್ಮನ ಕೈ ನಿಂತಿತು. “ಹಡಗು ನಿಲ್ಸುದ್ರಾ?”

ಇಲ್ಲವೆಂದಳು ಭಾನುಪ್ರಿಯ. ಕಪ್ತಾನನ ಕೈಕೆಳಗಿನವನು ಬರೆದದ್ದನ್ನು ಕನ್ನಡದಲ್ಲಿ ಹೇಳಿದಳು. ಬೆಳಿಗ್ಗೆ ಕಪ್ತಾನರು ತೀರಿಕೊಂಡರು. ಮಧ್ಯಾಹ್ನ ಸಮುದ್ರಕ್ಕೆ ಒಪ್ಪಿಸಿದೆವು. ನೈರುತ್ಯದ ಗಾಳಿ, ತಿಳಿ ಆಕಾಶ. ಹರಿದಿದ್ದ ಹಾಯಿ ಹೊಲಿಸಿದೆ.

“ಅವತ್ತೇ ಹೊಲ್ಸುದ್ನಾ?”

“ಅವತ್ತೇ.”

ಕಾವೇರಮ್ಮ ಕೈಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. ಆಮೇಲೆ ತಾವಾಗಿಯೇ ಹೇಳತೊಡಗಿದರು. ಬೈರಪ್ಪನ ಹೆಣ ಜಗಲಿಯ ಮೇಲಿತ್ತು, ದೂರದ ನೆಂಟರು ಇನ್ನೂ ಬಂದಿರಲಿಲ್ಲ. ಆಗ ಅವರು ಹಿತ್ತಿಲಿನಿಂದ ಹೋಗಿ ಹುಳುಗಳಿಗೆ ಸೊಪ್ಪು ಹಾಕಿ ಬಂದಿದ್ದರು. ಅದನ್ನು ನಾದಿನಿ ನೋಡಿದಳು. ಗಂಡನ ಹೆಣ ಮುಂದಿಟ್ಟುಕೊಂಡು ಹುಳುವಿನ ಚಿಂತೆ ಮಾಡಿದವಳು ಇವಳು ಎಂದು ತಿಥಿಯ ದಿನ ಹೆಂಗಸರ ನಡುವೆ ಆಡಿದಳು. ಅಂದು ಒಲೆಯ ಮುಂದಿದ್ದ ಭಾನುಪ್ರಿಯಳ ಕಿವಿಗೆ ಈ ಮಾತು ಬಿದ್ದಿರಲಿಲ್ಲ.

“ಇನ್ನು ನಾಕ್ ದಿನುಕ್ ಗೂಡು ಕಟ್ಬೇಕಾಗಿದ್ ಹುಳ ಕಣವ್ವ. ಸೊಪ್ಪು ಹಾಕ್ದಿದ್ರೆ ಸತ್ತೋಗ್ತಿದ್ವು. ನಿಮ್ಮಾವ ನಿದ್ದೆಗೆಟ್ಟು ಸಾಕಿದ್ವು ಅವು.”

ಭಾನುಪ್ರಿಯ ಲ್ಯಾಪ್‌ಟಾಪ್ ಮುಚ್ಚಿಟ್ಟು ಅತ್ತೆಯ ಪಕ್ಕ ಬಂದು ಕೂತಳು. ಮೊರಕ್ಕೆ ಕೈ ಹಾಕಿ ತಾನೂ ಕಾಯಿ ಸುಲಿಯತೊಡಗಿದಳು.

ಒಂದಷ್ಟು ಹೊತ್ತಾದ ಮೇಲೆ ಕಾವೇರಮ್ಮ ಕೇಳಿದರು, “ಆ ಬರ್ದೋನು ಅವತ್ತು ಉಂಡ್ನಂತಾ?”

“ಅದ್ನ ಬರ್ದಿಲ್ಲ ಅತ್ತೆ.”

“ಉಂಡಿರಾಕಿಲ್ಲ,” ಎಂದರು ಕಾವೇರಮ್ಮ. “ಅದ್ನ ಯಾರೂ ಬರೆಯಾಕಿಲ್ಲ.”