ಕರುಳು ದಾಟಿದ ರಂಗೋಲಿ ಪುಡಿ

ಬೀಜದಂತೆ ಡಾಕ್ಟರೇಟು ಎಂಬ ಹೊಸ ಗಾದೆಗೆ ಈ ನಿಜಕತೆಯೇ ಸಾಕ್ಷಿ.

ಹಲಸಿನ ಬೀಜದ ಆ್ಯಂಟಿಆಕ್ಸಿಡೆಂಟ್ ಪೆಪ್ಟೈಡು ಎಂಬ ಪ್ರೋಟೀನ್ ತುಣುಕುಗಳನ್ನು ಕರುಳು ಹೀರಿಕೊಳ್ಳುತ್ತದೆಯೇ ಎಂಬುದು ವಾಗೀಶನ ಸಂಶೋಧನೆ. ಲ್ಯಾಬಿನ ಗೆಳೆಯ ಉಮಾಪತಿ ಅವನ ಬೀಜದ ಪುಡಿಯ ಸೀಸೆಯನ್ನು ಬರಿದು ಮಾಡಿ ಗುಟ್ಟಾಗಿ ರಂಗೋಲಿ ಪುಡಿ ತುಂಬಿಟ್ಟ. ಪ್ರಯೋಗ ಕೆಟ್ಟಾಗ ಸಂಶೋಧನೆಯ ಗೈಡ್ ಮೇಷ್ಟ್ರ ದನಿಯಲ್ಲಿ ಗದರಿಸಿ ನಗುವ ಆಸೆ. ಪ್ರಯೋಗ ಕೆಡಲೇ ಇಲ್ಲ. ‘ಕರುಳು ಚೆನ್ನಾಗಿ ಹೀರಿತು’ ಎಂದು ಬರೆದು ವಾಗೀಶ ಡಾಕ್ಟರೇಟು ಪಡೆದ. ಅದನ್ನು ನಂಬಿದ ಆಸ್ಪತ್ರೆಯೊಂದು ರೋಗಿಗಳ ಗುಳಿಗೆ ನಿಲ್ಲಿಸಿ ಬೀಜದ ಪುಡಿ ಕೊಡಲು ಹೊರಟಾಗ ಉಮಾಪತಿ ಲ್ಯಾಬಿಗೆ ಓಡಿಬಂದು ವಾಗೀಶನ ಕೈ ಹಿಡಿದ.

“ತಪ್ಪಾಯ್ತು ಕಣೋ, ತಮಾಷೆಗೆ ಮಾಡ್ದೆ. ನೀನು ಪರೀಕ್ಷೆ ಮಾಡಿದ್ದು ಬೀಜಾನಲ್ಲ, ರಂಗೋಲಿ ಪುಡೀನ! ಆಸ್ಪತ್ರೆಯವ್ರಿಗೆ ಈಗ್ಲೇ ಹೇಳೋ!”

ಲ್ಯಾಬಿನ ಉಳಿದವರು ಕಿಸಕ್ಕೆಂದರು.

“ಅಯ್ಯೋ ಪೆದ್ದ, ಪರೀಕ್ಷೆ ಯಾರು ಮಾಡಿದ್ರು? ಆ ಸೀಸೆ ಮುಚ್ಚಳಾನೇ ನಾನು ತೆಗ್ದಿಲ್ವಲ್ಲೋ!” ಎಂದು ವಾಗೀಶ ಎಲ್ಲರಿಗಿಂತ ಜೋರಾಗಿ ನಕ್ಕ.